ಎಳೆಯ ಮಕ್ಕಳ ರಕ್ತಪರೀಕ್ಷೆಯ ವರದಿ

ಎಳೆಯ ಮಕ್ಕಳ ರಕ್ತಪರೀಕ್ಷೆಯ ವರದಿ ಎಂದರೆ ಹುಟ್ಟಿನಿಂದ ಐದು ವರ್ಷದವರೆಗಿನ ಮಗುವಿನ ರಕ್ತದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೀಡುವ ಲಿಖಿತ ವಿವರ. ರಕ್ತಕಣಗಳ ಎಣಿಕೆ, ಹಿಮೋಗ್ಲೋಬಿನ್ ಪ್ರಮಾಣ ಹಾಗೂ ರಕ್ತದಲ್ಲಿರುವ ಲವಣ, ಕಿಣ್ವ ಮೊದಲಾದವುಗಳ ಅಳತೆ ಇದರಲ್ಲಿ ಸೇರಿರುತ್ತವೆ. ಪ್ರತಿ ಅಳತೆಯ ಎದುರು ಸಹಜ ವ್ಯಾಪ್ತಿಯನ್ನು ಮುದ್ರಿಸಿ, ಆ ವ್ಯಾಪ್ತಿಯ ಹೊರಗಿರುವ ಅಂಕಿಗಳನ್ನು ದಪ್ಪಕ್ಷರದಿಂದಲೋ ಬಾಣದ ಗುರುತಿನಿಂದಲೋ ತೋರಿಸುವುದು ವಾಡಿಕೆ. ಹೀಗೆ ಗುರುತು ಬಿದ್ದ ಅಂಕಿಯೆಲ್ಲ ರೋಗದ ಸೂಚನೆಯಲ್ಲ. ಗುರುತಿಲ್ಲದ ಅಂಕಿಯೆಲ್ಲ ಆರೋಗ್ಯದ ಪುರಾವೆಯೂ ಅಲ್ಲ. ಮಗುವಿನ ವಯಸ್ಸು, ರೋಗಲಕ್ಷಣ, ಆಹಾರ ಮತ್ತು ಕುಟುಂಬದ ಹಿನ್ನೆಲೆಯೊಂದಿಗೆ ವರದಿಯನ್ನು ಒಟ್ಟಾಗಿ ಓದಿದಾಗ ಮಾತ್ರ ಅದರ ಅರ್ಥ ತಿಳಿಯುತ್ತದೆ.

ಕರ್ನಾಟಕದಲ್ಲಿ ಎಳೆಯ ಮಕ್ಕಳ ವರದಿಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಂಡುಬರುವ ವ್ಯತ್ಯಾಸ ಹಿಮೋಗ್ಲೋಬಿನ್ ಕೊರತೆ, ಅಂದರೆ ರಕ್ತಹೀನತೆ. ಈ ಲೇಖನವು ವರದಿಯನ್ನು ಓದುವ ಸಾಮಾನ್ಯ ತತ್ವಗಳನ್ನೂ ಕೊಪ್ಪಳ ಜಿಲ್ಲೆಯ ಸಂದರ್ಭದಲ್ಲಿ ಅವುಗಳ ಮಹತ್ವವನ್ನೂ ವಿವರಿಸುತ್ತದೆ.

== ಸಹಜ ವ್ಯಾಪ್ತಿ ==

ಆರೋಗ್ಯವಂತರ ದೊಡ್ಡ ಗುಂಪೊಂದನ್ನು ಪರೀಕ್ಷಿಸಿ, ಅವರಲ್ಲಿ ಶೇ. 95ರಷ್ಟು ಜನರ ಅಳತೆಗಳು ಯಾವ ಎರಡು ಅಂಕಿಗಳ ನಡುವೆ ಬರುತ್ತವೆಯೋ ಅದನ್ನು ಸಾಮಾನ್ಯವಾಗಿ ಸಹಜ ವ್ಯಾಪ್ತಿ ಎಂದು ನಿಗದಿಪಡಿಸಲಾಗುತ್ತದೆ. ಆದುದರಿಂದ ಯಾವ ರೋಗವೂ ಇಲ್ಲದವರಲ್ಲಿ ನೂರಕ್ಕೆ ಐವರ ಅಳತೆ ಈ ವ್ಯಾಪ್ತಿಯ ಹೊರಗೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಆರೋಗ್ಯವಂತ ಮಗುವಿಗೆ ಮಾಡಿಸಿದರೆ, ಕನಿಷ್ಠ ಒಂದಾದರೂ ವ್ಯಾಪ್ತಿ ಮೀರಿ ಕಾಣಿಸುವ ಸಂಭವ ಸುಮಾರು ಶೇ. 64 ಆಗುತ್ತದೆ. ಗಡಿಯನ್ನು ಸ್ವಲ್ಪವೇ ದಾಟಿದ ಒಂಟಿ ಅಂಕಿಗಿಂತ, ಗಡಿಯಿಂದ ಬಹುದೂರ ಸರಿದ ಅಂಕಿ ಅಥವಾ ಒಂದೇ ದಿಕ್ಕನ್ನು ತೋರುವ ಹಲವು ಅಂಕಿಗಳು ಹೆಚ್ಚು ಮಹತ್ವದವು.

== ವಯಸ್ಸಿಗೆ ತಕ್ಕ ವ್ಯತ್ಯಾಸ ==

ಮಗುವಿನ ರಕ್ತವು ವಯಸ್ಕರ ರಕ್ತದ ಕಿರಿಯ ಪ್ರತಿಯಲ್ಲ. ಬೆಳವಣಿಗೆಯೊಂದಿಗೆ ಅದರ ಸಹಜ ಪ್ರಮಾಣಗಳು ಬದಲಾಗುತ್ತವೆ. ಕೆಲವು ಪ್ರಯೋಗಾಲಯಗಳ ವರದಿಗಳಲ್ಲಿ ವಯಸ್ಕರ ವ್ಯಾಪ್ತಿಯೇ ಮುದ್ರಿತವಾಗಿರುವುದರಿಂದ ತಪ್ಪು ತಿಳಿವಳಿಕೆಗೆ ಅವಕಾಶವಿದೆ.

* ಹಿಮೋಗ್ಲೋಬಿನ್: ನವಜಾತ ಶಿಶುವಿನಲ್ಲಿ ಡೆಸಿಲೀಟರಿಗೆ ಸುಮಾರು 14ರಿಂದ 22 ಗ್ರಾಂ ಇರುತ್ತದೆ. ಎರಡು–ಮೂರು ತಿಂಗಳ ವೇಳೆಗೆ ಇದು 9ರಿಂದ 11 ಗ್ರಾಂವರೆಗೆ ಇಳಿಯುವುದು ಸಹಜ ಪ್ರಕ್ರಿಯೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಇಳಿಕೆ ಇನ್ನೂ ಹೆಚ್ಚು.
* ಬಿಳಿ ರಕ್ತಕಣಗಳು: ನವಜಾತ ಶಿಶುವಿನಲ್ಲಿ ಪ್ರತಿ ಘನ ಮಿಲಿಮೀಟರಿಗೆ 9,000ದಿಂದ 30,000, ಒಂದು ವರ್ಷದ ಮಗುವಿನಲ್ಲಿ ಸುಮಾರು 6,000ದಿಂದ 17,500 ಇರಬಹುದು. ವಯಸ್ಕರಿಗೆ 11,000 ಮೇಲ್ಮಿತಿ.
* ಲಿಂಫೋಸೈಟ್: ಹುಟ್ಟಿದ ಕೆಲವೇ ದಿನಗಳಿಂದ ಸುಮಾರು ನಾಲ್ಕೈದು ವರ್ಷದವರೆಗೆ ಬಿಳಿ ಕಣಗಳಲ್ಲಿ ಇವುಗಳದ್ದೇ ಮೇಲುಗೈ. ಆಮೇಲೆ ವಯಸ್ಕರಂತೆ ನ್ಯೂಟ್ರೋಫಿಲ್‌ಗಳು ಹೆಚ್ಚಾಗುತ್ತವೆ.
* ಆಲ್ಕಲೈನ್ ಫಾಸ್ಫಟೇಸ್: ಎಲುಬು ಬೆಳೆಯುತ್ತಿರುವ ಕಾರಣ ಮಕ್ಕಳಲ್ಲಿ ಈ ಕಿಣ್ವ ವಯಸ್ಕರಿಗಿಂತ ಎರಡು–ಮೂರು ಪಟ್ಟು ಇರುವುದುಂಟು. ಕೇವಲ ಇದೊಂದು ಹೆಚ್ಚಿದ್ದರೆ ಅದನ್ನು ಯಕೃತ್ತಿನ ರೋಗವೆಂದು ಭಾವಿಸಲಾಗದು.
* ಕ್ರಿಯಾಟಿನಿನ್: ಸ್ನಾಯುಗಳು ಚಿಕ್ಕದಾಗಿರುವುದರಿಂದ ಎರಡು ವರ್ಷದ ಮಗುವಿನಲ್ಲಿ ಇದು ಸಾಮಾನ್ಯವಾಗಿ 0.2ರಿಂದ 0.5 ಮಿಲಿಗ್ರಾಂ ಮಾತ್ರ. ವಯಸ್ಕರಿಗೆ ಸಹಜವಾದ 0.9 ಎಂಬ ಅಂಕಿ ಇಂಥ ಮಗುವಿನಲ್ಲಿ ಮೂತ್ರಪಿಂಡದ ತೊಂದರೆಯನ್ನು ಸೂಚಿಸಬಹುದು. ಯಾವ ಗುರುತೂ ಬೀಳದ ಅಂಕಿಯೂ ಅಸಹಜವಾಗಿರಬಲ್ಲದು ಎಂಬುದಕ್ಕೆ ಇದು ಉದಾಹರಣೆ.

== ಮಾದರಿ ಸಂಗ್ರಹದ ಪರಿಣಾಮ ==

ಎಳೆಯ ಮಕ್ಕಳ ರಕ್ತನಾಳ ಸಿಗುವುದು ಕಷ್ಟ. ಅಳುವ ಮಗುವಿನ ಬೆರಳನ್ನೋ ಹಿಮ್ಮಡಿಯನ್ನೋ ಹಿಂಡಿ ರಕ್ತ ತೆಗೆದಾಗ ಅಂಗಾಂಶದ ದ್ರವ ಬೆರೆಯುತ್ತದೆ. ಕೆಂಪು ಕಣಗಳೂ ಒಡೆಯಬಹುದು. ಕಣಗಳು ಒಡೆದ ಮಾದರಿಯಲ್ಲಿ ಪೊಟ್ಯಾಸಿಯಂ ಇಲ್ಲದ ಏರಿಕೆಯನ್ನು ತೋರಿಸುತ್ತದೆ. ರಕ್ತಕಣಗಳ ಎಣಿಕೆಗೆ ಬಳಸುವ ನೇರಳೆ ಮುಚ್ಚಳದ ನಳಿಕೆಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗೂಡಿದರೆ ಯಂತ್ರವು ಅವುಗಳನ್ನು ಕಡಿಮೆಯಾಗಿ ಎಣಿಸುತ್ತದೆ. ಅನಿರೀಕ್ಷಿತ ಅಂಕಿ ಬಂದಾಗ ಹೊಸ ಮಾದರಿ ತೆಗೆದು ಪುನಃ ಪರೀಕ್ಷಿಸುವುದು, ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇದೇ ಕಾರಣಕ್ಕೆ.

ಸಮೀಕ್ಷೆಗಳ ಫಲಿತಾಂಶವೂ ವಿಧಾನವನ್ನು ಅವಲಂಬಿಸಿರುತ್ತದೆ. ಬೆರಳ ತುದಿಯ ರಕ್ತವನ್ನು ಬಳಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು (2015–16) ಭಾರತದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 58.6ರಷ್ಟು ರಕ್ತಹೀನತೆಯನ್ನು ದಾಖಲಿಸಿತು. ಅಭಿಧಮನಿಯಿಂದ ರಕ್ತ ತೆಗೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆ (2016–18) ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಕಂಡದ್ದು ಸುಮಾರು ಶೇ. 41. ವಯೋಮಿತಿಯಲ್ಲಿ ವ್ಯತ್ಯಾಸವಿದ್ದರೂ, ಈ ಅಂತರಕ್ಕೆ ಮಾದರಿ ಸಂಗ್ರಹದ ವಿಧಾನವೂ ಒಂದು ಕಾರಣವೆಂದು ತಜ್ಞರು ಚರ್ಚಿಸಿದ್ದಾರೆ.

== ರಕ್ತಹೀನತೆ ==

=== ಮಾನದಂಡ ===

ವಿಶ್ವ ಆರೋಗ್ಯ ಸಂಸ್ಥೆಯ ಹಿಂದಿನ ಮಾನದಂಡದಂತೆ 6ರಿಂದ 59 ತಿಂಗಳ ಮಗುವಿನ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 10ರಿಂದ 10.9 ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆ ತೀವ್ರ ಎಂಬ ವಿಂಗಡಣೆ ಬಳಕೆಯಲ್ಲಿದೆ. 2024ರಲ್ಲಿ ಸಂಸ್ಥೆಯು ಮಾನದಂಡವನ್ನು ಪರಿಷ್ಕರಿಸಿ, 6ರಿಂದ 23 ತಿಂಗಳ ಮಕ್ಕಳಿಗೆ ಗಡಿಯನ್ನು 10.5 ಗ್ರಾಂಗೆ ಇಳಿಸಿತು. 24ರಿಂದ 59 ತಿಂಗಳಿನವರಿಗೆ 11 ಗ್ರಾಂ ಎಂಬುದನ್ನೇ ಉಳಿಸಿಕೊಂಡಿತು.

ರಕ್ತಹೀನತೆ ಒಂದು ಲಕ್ಷಣವೇ ಹೊರತು ಪೂರ್ಣ ರೋಗನಿರ್ಣಯವಲ್ಲ. ಕಾರಣವನ್ನು ಹುಡುಕಲು ವರದಿಯಲ್ಲಿ ಎಂಸಿವಿ ಎಂದು ನಮೂದಾಗುವ, ಕೆಂಪು ಕಣದ ಸರಾಸರಿ ಗಾತ್ರವು ಮೊದಲ ಸುಳಿವು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದರ ಕೆಳಮಿತಿ ಸುಮಾರು 70 ಫೆಮ್ಟೋಲೀಟರ್; ವಯಸ್ಕರಲ್ಲಿ 80.

=== ಕಬ್ಬಿಣದ ಕೊರತೆ ===

ಕಣಗಳು ಚಿಕ್ಕದಾಗಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಕಬ್ಬಿಣಾಂಶದ ಕೊರತೆ. ತಾಯಿಯಿಂದ ಪಡೆದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಬರಿದಾಗುತ್ತದೆ. ಅನಂತರ ಹಾಲು, ಗಂಜಿ, ಬಿಸ್ಕತ್ತುಗಳಲ್ಲೇ ಮಗುವಿನ ಊಟ ಮುಗಿದರೆ ಕೊರತೆ ಉಂಟಾಗುತ್ತದೆ. ಹಸು, ಎಮ್ಮೆಯ ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಮಣ್ಣು, ಗೋಡೆಯ ಸುಣ್ಣ, ಬಳಪಗಳನ್ನು ತಿನ್ನುವ ಚಪಲ ಇಂಥ ಮಕ್ಕಳಲ್ಲಿ ಕಾಣುವುದುಂಟು. ದೀರ್ಘಕಾಲದ ಕೊರತೆಯು ಮಗುವಿನ ಗಮನಶಕ್ತಿ, ಕಲಿಕೆ ಹಾಗೂ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಲ್ಲದು.

ದೇಹದ ಕಬ್ಬಿಣದ ದಾಸ್ತಾನನ್ನು ಫೆರಿಟಿನ್ ಪರೀಕ್ಷೆ ತಿಳಿಸುತ್ತದೆ. ಐದು ವರ್ಷದೊಳಗಿನ ಮಗುವಿನಲ್ಲಿ ಇದು ಲೀಟರಿಗೆ 12 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಖಚಿತ. ಸೋಂಕಿನ ಸಮಯದಲ್ಲಿ ಫೆರಿಟಿನ್ ಏರುವುದರಿಂದ ಆಗ 30ರ ಗಡಿಯನ್ನು ಬಳಸಲಾಗುತ್ತದೆ. ಜ್ವರದ ದಿನಗಳಲ್ಲಿ ಬಂದ ಸಹಜ ಫೆರಿಟಿನ್ ಅಂಕಿಯನ್ನು ನಂಬಿ ಕೊರತೆಯಿಲ್ಲವೆಂದು ತೀರ್ಮಾನಿಸುವಂತಿಲ್ಲ.

=== ಥಲಸ್ಸೀಮಿಯಾ ವಾಹಕತೆ ===

ಚಿಕ್ಕ ಕಣಗಳಿಗೆ ಇನ್ನೊಂದು ಮುಖ್ಯ ಕಾರಣ ಥಲಸ್ಸೀಮಿಯಾ ಎಂಬ ಆನುವಂಶಿಕ ಸ್ಥಿತಿ. ಇದರ ವಾಹಕ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ವರದಿಯಲ್ಲಿ ಮಾತ್ರ ಸೌಮ್ಯ ರಕ್ತಹೀನತೆ ಕಾಣಿಸುತ್ತದೆ. ಅದನ್ನು ಕಬ್ಬಿಣದ ಕೊರತೆಯೆಂದು ಭಾವಿಸಿ ವರ್ಷಗಟ್ಟಲೆ ಔಷಧಿ ಕೊಟ್ಟರೂ ಅಂಕಿ ಏರುವುದಿಲ್ಲ.

ಇವೆರಡನ್ನು ಪ್ರಾಥಮಿಕವಾಗಿ ಬೇರ್ಪಡಿಸಲು 1973ರಲ್ಲಿ ಮೆಂಟ್ಜರ್ ಎಂಬ ವೈದ್ಯ ಸೂಚಿಸಿದ ಸರಳ ಲೆಕ್ಕವೊಂದಿದೆ. ಎಂಸಿವಿಯನ್ನು ದಶಲಕ್ಷಗಳಲ್ಲಿ ಕೊಟ್ಟ ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಭಾಗಲಬ್ಧ 13ಕ್ಕಿಂತ ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಕಡೆಗೂ, ಕಡಿಮೆಯಿದ್ದರೆ ಥಲಸ್ಸೀಮಿಯಾ ವಾಹಕತೆಯ ಕಡೆಗೂ ಅದು ಬೊಟ್ಟು ಮಾಡುತ್ತದೆ. ಉದಾಹರಣೆಗೆ, ಎಂಸಿವಿ 62, ಕೆಂಪು ಕಣಗಳು 4.2 ದಶಲಕ್ಷ ಇದ್ದರೆ ಭಾಗಲಬ್ಧ 14.8, ಎಂಸಿವಿ 58, ಕೆಂಪು ಕಣಗಳು 5.5 ದಶಲಕ್ಷ ಇದ್ದರೆ 10.5. ಇದು ಶೋಧನೆಯ ಸಾಧನ ಮಾತ್ರ. ಎಚ್‌ಪಿಎಲ್‌ಸಿ ವಿಧಾನದ ಹಿಮೋಗ್ಲೋಬಿನ್ ವಿಶ್ಲೇಷಣೆಯಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ ಶೇ. 3.5ಕ್ಕಿಂತ ಹೆಚ್ಚು ಕಂಡರೆ ಬೀಟಾ ಥಲಸ್ಸೀಮಿಯಾ ವಾಹಕತೆಯನ್ನು ಸಾಮಾನ್ಯವಾಗಿ ದೃಢಪಡಿಸಲಾಗುತ್ತದೆ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಈ ಪ್ರಮಾಣ ತಗ್ಗಿ ತೋರಬಹುದು.

ವಾಹಕತೆ ತಿಳಿಯುವುದರಿಂದ ಆಗುವ ಪ್ರಯೋಜನ ಮಗುವಿಗಿಂತ ಕುಟುಂಬಕ್ಕೆ ಹೆಚ್ಚು. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ತೀವ್ರ ಥಲಸ್ಸೀಮಿಯಾ ಇರುವ ಮಗು ಹುಟ್ಟುವ ಸಂಭವ ಶೇ. 25. ಅಂಥ ಮಗುವಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕಾಗುತ್ತದೆ. ಹೀಗೆ ದೇಹದಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರಹಾಕಲು ಬೇರೆ ಔಷಧಿ ಬೇಕು. ಸೋದರಮಾವನೊಂದಿಗೆ ಇಲ್ಲವೆ ಸೋದರತ್ತೆ, ಸೋದರಮಾವಂದಿರ ಮಕ್ಕಳೊಂದಿಗೆ ಮದುವೆಯಾಗುವ ರೂಢಿಯಿರುವ ಕುಟುಂಬಗಳಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಥಲಸ್ಸೀಮಿಯಾ, ಹಿಮೋಫಿಲಿಯಾ ಮತ್ತು ಕುಡಗೋಲು ಕಣ ರೋಗಗಳನ್ನು ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿದೆ.

=== ಬಿ12 ಜೀವಸತ್ವದ ಕೊರತೆ ===

ಕೆಂಪು ಕಣಗಳು ದೊಡ್ಡದಾಗಿದ್ದರೆ ಬಿ12 ಜೀವಸತ್ವ ಅಥವಾ ಫೋಲೇಟ್ ಕೊರತೆಯನ್ನು ಶಂಕಿಸಲಾಗುತ್ತದೆ. ಬಿ12 ಕೊರತೆಯಿರುವ ತಾಯಿಯ ಎದೆಹಾಲನ್ನು ಮಾತ್ರ ದೀರ್ಘಕಾಲ ಕುಡಿದ ಶಿಶುಗಳಲ್ಲಿ ರಕ್ತಹೀನತೆ, ಬೆರಳ ಗೆಣ್ಣುಗಳು ಕಪ್ಪಾಗುವುದು, ಕಲಿತಿದ್ದ ನಗು ಹಾಗೂ ಕುಳಿತುಕೊಳ್ಳುವಿಕೆ ಮರೆತಂತಾಗುವುದು, ಕೈಕಾಲು ನಡುಗುವುದು ಕಾಣಿಸುತ್ತವೆ. ಭಾರತೀಯ ಶಿಶುಗಳಲ್ಲಿನ ಈ ಸ್ಥಿತಿಯನ್ನು ವೆಲ್ಲೂರಿನ ವೈದ್ಯರು 1962ರಲ್ಲಿ ವಿವರಿಸಿದರು. ಬೇಗನೆ ಗುರುತಿಸಿದರೆ ಚಿಕಿತ್ಸೆ ಸುಲಭ. ತಡವಾದರೆ ಬುದ್ಧಿಯ ಬೆಳವಣಿಗೆಗೆ ಶಾಶ್ವತ ಹಾನಿಯಾಗಬಹುದು.

== ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ==

ಬಿಳಿ ಕಣಗಳ ಹೆಚ್ಚಳಕ್ಕೆ ಸಾಮಾನ್ಯ ಕಾರಣ ಸೋಂಕು. ವೈರಸ್ ಜ್ವರಗಳಲ್ಲಿ ಅವು ತಾತ್ಕಾಲಿಕವಾಗಿ ಕುಸಿಯುವುದೂ ಉಂಟು. ಇಯೊಸಿನೊಫಿಲ್ ಎಂಬ ಕಣಗಳು ಜಂತುಹುಳು ಹಾಗೂ ಅಲರ್ಜಿಗಳಲ್ಲಿ ಹೆಚ್ಚುತ್ತವೆ.

ಪ್ಲೇಟ್‌ಲೆಟ್‌ಗಳ ಸಹಜ ಸಂಖ್ಯೆ ಪ್ರತಿ ಘನ ಮಿಲಿಮೀಟರಿಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ. ಸೋಂಕು ವಾಸಿಯಾಗುವಾಗಲೂ ಕಬ್ಬಿಣದ ಕೊರತೆಯಲ್ಲಿಯೂ ಇದು ಐದಾರು ಲಕ್ಷಕ್ಕೆ ಏರಬಹುದು. ಮೂಲ ಕಾರಣ ಸರಿಹೋದಂತೆ ತಾನೇ ಇಳಿಯುತ್ತದೆ.

ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಈ ಮೂರರಲ್ಲಿ ಎರಡು ಅಥವಾ ಮೂರೂ ಒಟ್ಟಿಗೆ ಕುಸಿದಿದ್ದರೆ, ಇಲ್ಲವೆ ವರದಿಯಲ್ಲಿ 'ಬ್ಲಾಸ್ಟ್' ಕಣಗಳ ಉಲ್ಲೇಖವಿದ್ದರೆ ವಿಳಂಬವಿಲ್ಲದೆ ತಜ್ಞರನ್ನು ಕಾಣಬೇಕಾಗುತ್ತದೆ. ಮಕ್ಕಳ ರಕ್ತಕ್ಯಾನ್ಸರಿನ ಪ್ರಮುಖ ಬಗೆಯಾದ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಸಕಾಲದಲ್ಲಿ ಆರಂಭಿಸಿ ಪೂರ್ತಿಗೊಳಿಸಿದ ಚಿಕಿತ್ಸೆಯಿಂದ ಬಹುಪಾಲು ಮಕ್ಕಳು ಗುಣಮುಖರಾಗುತ್ತಾರೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ.

== ಜ್ವರದ ಪರೀಕ್ಷೆಗಳು ==

ವೈಡಾಲ್: ವಿಷಮಶೀತ ಜ್ವರಕ್ಕಾಗಿ ಮಾಡುವ ಹಳೆಯ ಪರೀಕ್ಷೆ. ಹಿಂದಿನ ಸೋಂಕು, ಲಸಿಕೆ ಅಥವಾ ಬೇರೆ ಜ್ವರಗಳಿಂದಲೂ ಇದು ಸಕಾರಾತ್ಮಕವಾಗಬಲ್ಲದು. ಜ್ವರದ ಮೊದಲ ವಾರದಲ್ಲಿ ನಿಜವಾದ ವಿಷಮಶೀತ ಜ್ವರವಿದ್ದರೂ ನಕಾರಾತ್ಮಕವಾಗಿರಬಹುದು. ಆ್ಯಂಟಿಬಯೋಟಿಕ್ ಆರಂಭಿಸುವ ಮೊದಲು ಮಾಡುವ ರಕ್ತದ ಕಲ್ಚರ್ ಪರೀಕ್ಷೆ ಹೆಚ್ಚು ವಿಶ್ವಾಸಾರ್ಹ.

ಡೆಂಗಿ: ಮೊದಲ ಐದು ದಿನಗಳಲ್ಲಿ ಎನ್‌ಎಸ್1, ಅನಂತರ ಐಜಿಎಂ ಪರೀಕ್ಷೆ ಉಪಯುಕ್ತ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡುವುದು ಸಾಲದು. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಹಿಮಟೋಕ್ರಿಟ್ ಏರತೊಡಗಿದರೆ ರಕ್ತನಾಳಗಳಿಂದ ದ್ರವ ಸೋರುತ್ತಿದೆ ಎಂದರ್ಥ. ಅಪಾಯದ ಅವಧಿ ಬರುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿನಲ್ಲಿ. ಜ್ವರ ಬಿಟ್ಟಿತೆಂದು ನಿಶ್ಚಿಂತರಾಗುವ ಸಮಯದಲ್ಲೇ ಮಗುವಿನ ಮೇಲೆ ಹೆಚ್ಚು ನಿಗಾ ಬೇಕಾಗುತ್ತದೆ.

== ಕೊಪ್ಪಳ ಜಿಲ್ಲೆಯಲ್ಲಿ ==

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರಚನೆಯಾದ ಕೊಪ್ಪಳ ಜಿಲ್ಲೆಯಲ್ಲಿ ಆರಂಭದಲ್ಲಿದ್ದ ತಾಲ್ಲೂಕುಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಭತ್ತದ ಕಣಜವಾದರೆ, ಕುಷ್ಟಗಿ, ಯಲಬುರ್ಗಾಗಳು ಮಳೆಯಾಶ್ರಿತ ಒಣಭೂಮಿ. ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ದೂರದ ಊರುಗಳಿಗೆ ಗುಳೆ ಹೋಗುವುದು ಇಲ್ಲಿನ ಬದುಕಿನ ಭಾಗ. ಔಷಧಿ ಆರಂಭವಾದ ಮಗು ಮರುಪರೀಕ್ಷೆಯ ಹೊತ್ತಿಗೆ ಬೇರೆ ಊರಿನಲ್ಲಿರಬಹುದು. ಆದ್ದರಿಂದ ಹಳೆಯ ವರದಿಗಳನ್ನೂ ತಾಯಿ ಕಾರ್ಡನ್ನೂ ಜೊತೆಗೆ ಒಯ್ಯುವುದಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಒಂದು ವರದಿಗಿಂತ ಎರಡು ವರದಿಗಳ ನಡುವಣ ವ್ಯತ್ಯಾಸವೇ ಹೆಚ್ಚು ತಿಳಿಸುತ್ತದೆ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನತೆಯಿತ್ತು, ಹಿಂದಿನ ಸುತ್ತಿನಲ್ಲಿ ಇದು ಶೇ. 60.9 ಆಗಿತ್ತು. ಇದೇ ಕಲ್ಯಾಣ ಕರ್ನಾಟಕ ಪ್ರದೇಶದ ಕಲಬುರಗಿ ಹಾಗೂ ದಕ್ಷಿಣದ ಚಾಮರಾಜನಗರ ಜಿಲ್ಲೆಗಳ ಗ್ರಾಮಗಳಲ್ಲಿ ಒಂದರಿಂದ ಎರಡು ವರ್ಷದ ಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು ನಾಲ್ಕರಲ್ಲಿ ಮೂರು ಮಕ್ಕಳಲ್ಲಿ ರಕ್ತಹೀನತೆಯನ್ನು ಕಂಡಿತು. ಮಗುವಿನ ಹಿಮೋಗ್ಲೋಬಿನ್ ಮಟ್ಟಕ್ಕೂ ತಾಯಿಯ ಹಿಮೋಗ್ಲೋಬಿನ್, ಮನೆಯ ಆರ್ಥಿಕ ಸ್ಥಿತಿ ಮತ್ತು ಆಹಾರದ ಭದ್ರತೆಗಳಿಗೂ ಸಂಬಂಧವಿರುವುದನ್ನು ಅದು ಗುರುತಿಸಿತು.

2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಶಾಲಾ ಬಿಸಿಯೂಟದೊಂದಿಗೆ ಮೊಟ್ಟೆ ಅಥವಾ ಬಾಳೆಹಣ್ಣು ನೀಡಲಾರಂಭಿಸಿದಾಗ, ಅಪೌಷ್ಟಿಕತೆ ಹೆಚ್ಚಿರುವುದೆಂದು ಮೊದಲು ಆಯ್ದುಕೊಂಡ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಸೇರಿತ್ತು. ಶಾಲೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಿಗೆ ಅಂಗನವಾಡಿಗಳೇ ಪೂರಕ ಆಹಾರದ ಆಧಾರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಶಾಲೆಗಳಿಗೆ ಭೇಟಿ ನೀಡಿ ತೀವ್ರ ರಕ್ತಹೀನತೆ ಮೊದಲಾದವನ್ನು ತಪಾಸಣೆ ಮಾಡುತ್ತವೆ. ಹೆಚ್ಚಿನ ಪರೀಕ್ಷೆ ಬೇಕಾದ ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ.

ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಸಾಮಾನ್ಯ ರಕ್ತಕಣ ಎಣಿಕೆಯಿಂದ ಫ್ಲೋರೋಸಿಸ್ ತಿಳಿಯುವುದಿಲ್ಲ. ಅದಕ್ಕೆ ಹಲ್ಲು, ಎಲುಬುಗಳ ತಪಾಸಣೆಯೂ ಕುಡಿಯುವ ನೀರು ಮತ್ತು ಮೂತ್ರದ ಪರೀಕ್ಷೆಯೂ ಬೇಕು.

== ಚಿಕಿತ್ಸೆ ಮತ್ತು ಮರುಪರೀಕ್ಷೆ ==

2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ 6ರಿಂದ 59 ತಿಂಗಳ ಮಕ್ಕಳಿಗೆ ರಕ್ತಹೀನತೆಯನ್ನು ತಡೆಯಲು ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಸಿರಪ್ ನೀಡಲಾಗುತ್ತದೆ. ಇದರಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಒಂದು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ ಜಂತುನಾಶಕ ಆಲ್ಬೆಂಡಜೋಲ್ ಕೊಡುವುದೂ ಇದರ ಭಾಗ.

ಸೌಮ್ಯ ಅಥವಾ ಮಧ್ಯಮ ರಕ್ತಹೀನತೆ ದೃಢಪಟ್ಟಾಗ, ಮಗುವಿನ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 3 ಮಿಲಿಗ್ರಾಂ ಕಬ್ಬಿಣದ ಪ್ರಮಾಣದಲ್ಲಿ ಎರಡು ತಿಂಗಳ ಚಿಕಿತ್ಸೆಯನ್ನು ಕಾರ್ಯಕ್ರಮ ಸೂಚಿಸುತ್ತದೆ. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಔಷಧಿ ಸರಿಯಾಗಿ ತಲುಪುತ್ತಿಲ್ಲ, ರಕ್ತ ನಷ್ಟವಾಗುತ್ತಿದೆ ಅಥವಾ ಕಾರಣವೇ ಬೇರೆ ಎಂದು ತಿಳಿದು ಮೇಲಿನ ಆಸ್ಪತ್ರೆಗೆ ಕಳುಹಿಸಬೇಕಾಗುತ್ತದೆ. ಥಲಸ್ಸೀಮಿಯಾ ಶಂಕೆ ಹಲವು ಬಾರಿ ಮೂಡುವುದು ಈ ಹಂತದಲ್ಲೇ.

ಕಬ್ಬಿಣದ ಸಿರಪ್ಪಿನಿಂದ ಮಲ ಕಪ್ಪಾಗುವುದು ಸಾಮಾನ್ಯ. ಅದಕ್ಕಾಗಿ ಔಷಧಿ ನಿಲ್ಲಿಸಬೇಕಾಗಿಲ್ಲ. ಅಧಿಕ ಪ್ರಮಾಣದ ಕಬ್ಬಿಣ ಮಕ್ಕಳಿಗೆ ವಿಷಕಾರಿಯಾದ್ದರಿಂದ ಸೀಸೆಯನ್ನು ಅವರ ಕೈಗೆ ಎಟುಕದಂತೆ ಇಡಬೇಕು. ಆಹಾರದಲ್ಲಿ ಸಜ್ಜೆ, ಕಾಳುಗಳು, ಸೊಪ್ಪು, ಮೊಟ್ಟೆ, ಮಾಂಸ ಸಹಕಾರಿ. ನಿಂಬೆರಸದಂಥ ಹುಳಿ ಪದಾರ್ಥ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಊಟದೊಂದಿಗೆ ಕುಡಿಸುವ ಚಹಾ ಅದಕ್ಕೆ ಅಡ್ಡಿ.

== ತುರ್ತು ಸೂಚನೆಗಳು ==

ವರದಿಯ ಅಂಕಿ ಏನೇ ಇರಲಿ, ಕೆಳಗಿನ ಲಕ್ಷಣಗಳಿರುವ ಮಗುವಿಗೆ ತಕ್ಷಣ ಆಸ್ಪತ್ರೆಯ ಆರೈಕೆ ಅಗತ್ಯ:

* ಹಾಲು ಕುಡಿಯದಿರುವುದು, ಎಚ್ಚರಿಸಲಾಗದ ಮಂಪರು, ಅಪಸ್ಮಾರ
* ವೇಗದ ಉಸಿರಾಟ, ಅಂಗೈ ಮತ್ತು ನಾಲಿಗೆ ತೀರ ಬಿಳಿಚಿಕೊಳ್ಳುವುದು
* ಚರ್ಮದ ಮೇಲೆ ಕೆಂಪು ಚುಕ್ಕೆ, ಪೆಟ್ಟಾಗದೆ ಮೂಡುವ ಕಪ್ಪುಗಲೆ, ಮೂಗು ಅಥವಾ ವಸಡಿನ ರಕ್ತಸ್ರಾವ
* ನಿಲ್ಲದ ವಾಂತಿ, ಹೊಟ್ಟೆನೋವು, ತಣ್ಣಗಿನ ಕೈಕಾಲು, ಮೂತ್ರ ಕಡಿಮೆಯಾಗುವುದು
* ಹುಟ್ಟಿದ 24 ಗಂಟೆಯೊಳಗೆ ಕಾಣುವ ಕಾಮಾಲೆ
* ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ ಇರುವುದು

== ಇವನ್ನೂ ನೋಡಿ ==

* ರಕ್ತಹೀನತೆ
* ಥಲಸ್ಸೀಮಿಯಾ
* ಹಿಮೋಗ್ಲೋಬಿನ್
* ಡೆಂಗಿ ಜ್ವರ
* ಅಂಗನವಾಡಿ
* ಕೊಪ್ಪಳ ಜಿಲ್ಲೆ